ಬಂಡೆಗೆ ಹೋಗುತ್ತಿದ್ದ ದಾರಿ

ನಮ್ಮ ಟೀ ಅಂಗಡಿಗೆ ಬರುವವರಲ್ಲಿ ಎರಡು ಬಗೆ. ಬೆಟ್ಟ ಹತ್ತುವ ಮೊದಲು ಬರುವವರು, ಇಳಿದ ಮೇಲೆ ಬರುವವರು. ಹತ್ತುವವರ ಬೂಟು ಮಿರಮಿರ ಮಿಂಚುತ್ತಿರುತ್ತದೆ, ಬಾಯಿ ಊರಿಗೆಲ್ಲ ಕೇಳಿಸುತ್ತದೆ. ಇಳಿದು ಬಂದವರಿಗೆ ಮೊಣಕಾಲ ತನಕ ಕಪ್ಪು ಕೆಸರು, ಟೀ ಒಳಗೆ ಹೋಗುವ ತನಕ ಮಾತೇ ಹೊರಡುವುದಿಲ್ಲ. ಆ ಕೆಸರನ್ನು ಬೆಳಗ್ಗೆ ಸಂಜೆ ಬಳಿದು ಹಾಕುವವಳು ನಾನು. ಮೇಲಿನ ಬಯಲಿನ ಬಗ್ಗೆ ನಾಲ್ಕು ಮಾತಾಡುವ ಹಕ್ಕು ಅಷ್ಟರಿಂದಲೇ ನನಗೆ ಬಂದಿದೆ ಎಂದು ತಿಳಿದುಕೊಂಡಿದ್ದೇನೆ.

ಚಪ್ಪಡಿ ಈ ಎರಡು ಬಗೆಗೂ ಸೇರದವನು. ಅವನು ಬರುವಾಗಲೂ ಕೆಸರು, ಹೋಗುವಾಗಲೂ ಕೆಸರು. ಅಪ್ಪ ಅಮ್ಮ ಇಟ್ಟ ಹೆಸರು ಒಂದಿರಬೇಕು. ಸಂಬಳದ ದಿನ ಬಿಟ್ಟರೆ ಅದು ಯಾರಿಗೂ ಬೇಕಾಗುವುದಿಲ್ಲ. ಬಯಲಿನ ಮೇಲೆ ಕಲ್ಲಿನ ಚಪ್ಪಡಿ ಹಾಸಿ, ಜನ ನಡೆಯುವ ಕಾಲ್ದಾರಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಹಾಸಿ ಹಾಸಿ ಕೊನೆಗೆ ಅವನೇ ಚಪ್ಪಡಿಯಾದ. ನಮ್ಮ ಯಜಮಾನರು ಕಲ್ಲು ಸಾಗಿಸುವ ಗಾಡಿ ಓಡಿಸುತ್ತಾರೆ, ಇಬ್ಬರಿಗೂ ಹಳೆಯ ಸ್ನೇಹ. ಆ ನೆಪದಲ್ಲಿ ನಾನು ಅವನಿಗೆ ಅತ್ತಿಗೆ. ಅಂಗಡಿಯಲ್ಲಿ ಗೋಡೆ ಪಕ್ಕದ ಬೆಂಚಿನ ತುದಿ ಅವನ ಜಾಗ. ಮಾತಿಗೆಳೆದರೆ ಮಾತಾಡುತ್ತಾನೆ, ಬಿಟ್ಟರೆ ಬೆಂಚು ಯಾವುದು ಅವನು ಯಾವುದು ಎಂದು ಗೊತ್ತಾಗುವುದಿಲ್ಲ.

ಬಯಲು ಎಂದರೆ ಆಟದ ಮೈದಾನ ಅಂದುಕೊಳ್ಳಬೇಡಿ. ಬೆಟ್ಟ ಹತ್ತಿ ಮುಗಿದ ಮೇಲೆ ಮರವೇ ಇಲ್ಲದೆ, ಮೊಣಕಾಲೆತ್ತರದ ಕುರುಚಲು ಗಿಡ, ಹುಲ್ಲು, ಪಾಚಿ ಮಾತ್ರ ಹಬ್ಬಿರುವ ಜಾಗ. ನೋಡಲು ನೆಲ, ಕಾಲಿಟ್ಟರೆ ನೆನೆದ ಹಾಸಿಗೆ. ಸತ್ತ ಗಿಡಗಳು ಪೂರ್ತಿ ಕೊಳೆಯದೆ ನೀರಿನಲ್ಲೇ ಕೂತು ತಲೆತಲಾಂತರದಿಂದ ಆದ ಕಪ್ಪು ಮಣ್ಣು ಅದು. ಮೇಲಿನ ಪಾಚಿಯೇ ಅದಕ್ಕೆ ಚರ್ಮ. ಚರ್ಮ ಒಂದು ಕಡೆ ಹರಿದರೆ ಸಾಕು, ಮಳೆಗೆ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ಜಾಗ ಖಾಲಿ ಮಾಡುತ್ತವೆ. ಕೆಳಗೆ ನನ್ನ ಅಂಗಡಿಯ ನಲ್ಲಿಯಲ್ಲಿ ಹಾಲು ಹಾಕದ ಟೀ ಬಣ್ಣದ ನೀರು ಬರುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಚಪ್ಪಡಿಯೇ, ನಲ್ಲಿಗೆ ಶಾಪ ಹಾಕುತ್ತಿದ್ದ ನನ್ನ ಬಾಯಿ ಮುಚ್ಚಿಸಲು.

ಆ ಚರ್ಮ ಹರಿಯುವುದು ಕೆಟ್ಟವರಿಂದ ಅಲ್ಲ, ಬೂಟು ಚೊಕ್ಕಟವಾಗಿ ಇಟ್ಟುಕೊಳ್ಳಬೇಕು ಅನ್ನುವ ಒಳ್ಳೆಯವರಿಂದ. ದಾರಿಯಲ್ಲಿ ಒಂದು ಕೊಚ್ಚೆ ಗುಂಡಿ ಸಿಗುತ್ತದೆ. ಬೂಟು ಹಾಳಾದೀತೆಂದು ಒಬ್ಬರು ಪಕ್ಕಕ್ಕೆ ಸರಿದು ಪಾಚಿ ಮೇಲೆ ಕಾಲಿಟ್ಟು ಹೋಗುತ್ತಾರೆ. ಹಿಂದಿನವರೂ ಹಾಗೇ ಮಾಡುತ್ತಾರೆ. ಪಕ್ಕದ ಜಾಗವೂ ಕೊಚ್ಚೆಯಾಗುತ್ತದೆ, ಆಮೇಲೆ ಬಂದವರು ಅದರ ಪಕ್ಕಕ್ಕೆ. ಒಬ್ಬರು ನಡೆಯಬೇಕಾದ ದಾರಿ ನೋಡನೋಡುತ್ತಾ ಲಾರಿ ಹೋಗುವಷ್ಟು ಅಗಲವಾಗುತ್ತದೆ.

ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಡೆಸುವುದು ಚಪ್ಪಡಿಯ ವಿದ್ಯೆ. ಬೋರ್ಡು ನೆಟ್ಟು "ಇಲ್ಲಿ ಕಾಲಿಡಬೇಡಿ" ಎಂದು ಬರೆಯುವುದು ಅವನಿಗೆ ಆಗಿಬರುವುದಿಲ್ಲ.

"ಜನ ಓದಿಕೊಂಡು ನಡೆಯಲ್ಲ ಅತ್ತಿಗೆ," ಅನ್ನುತ್ತಿದ್ದ. "ಪಾದಕ್ಕೆ ಎಲ್ಲಿ ಸುಖವೋ ಅಲ್ಲಿ ಹೋಗ್ತಾರೆ. ಹೋಗಬೇಕಾದ ಕಡೆ ಪಾದಕ್ಕೆ ಸುಖ ಇಡಬೇಕು, ಹೋಗಬಾರದ ಕಡೆ ಸ್ವಲ್ಪ ಕಷ್ಟ ಇಡಬೇಕು. ಯಾರೋ ತಮ್ಮನ್ನ ನಡೆಸ್ತಿದ್ದಾರೆ ಅಂತ ಅವರಿಗೆ ಗೊತ್ತಾಗಬಾರದು."

ಅದಕ್ಕಾಗಿ ಜೌಗಿನ ಮೇಲೆ ಹಾಸುವ ಕಲ್ಲು ಒಂದು ಹೆಜ್ಜೆಗೆ ಒಂದರಂತೆ ಬೀಳಬೇಕು. ಜನ ಅಡ್ಡಹಾದಿ ಹಿಡಿಯುವ ಕಡೆ ಕತ್ತರಿಸಿದ ಕುರುಚಲು ಕೊಂಬೆ ಹರಡಬೇಕು, ಅದೂ ಗಾಳಿಗೆ ಬಿದ್ದದ್ದರ ಹಾಗೆ ಕಾಣಬೇಕು. ವರ್ಷಕ್ಕೊಮ್ಮೆ ಸಹಾಯಕ್ಕೆ ಬರುವ ಜನರಿಗೆ ಅವನು ಮೊದಲು ಹೇಳುತ್ತಿದ್ದ ಪಾಠ ಇದು: ದಾರಿ ಬಿಟ್ಟು ಇಳಿಯಲೇಬೇಕಾದರೆ ಚದುರಿ ನಡೆಯಿರಿ, ಹೋದ ಜಾಡಿನಲ್ಲಿ ವಾಪಸ್ ಬರಬೇಡಿ, ಒಂದೇ ಕಡೆ ಎರಡನೇ ಸಲ ಕಾಲಿಟ್ಟರೆ ಗೆರೆ ಹುಟ್ಟುತ್ತದೆ, ಗೆರೆ ಕಂಡರೆ ಜನ ಬರುತ್ತಾರೆ.

ಕೆಲಸ ಮುಗಿಸಿ ಅವನು ಹೋಗುತ್ತಿದ್ದುದು ಟೈರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಗೆ. ಅವನಿಗೆ ಜ್ವರ ಬಂದಾಗ ನಾನೊಮ್ಮೆ ಗಂಜಿ ತೆಗೆದುಕೊಂಡು ಹೋಗಿದ್ದೆ. ರಬ್ಬರಿನ ವಾಸನೆ ನೆಲದಿಂದ ಮೇಲೆ ಬರುತ್ತಿತ್ತು. ಒಂದು ಮಂಚ, ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಕೂರಲು ಕುರ್ಚಿ ನನಗೆ ಕೊಟ್ಟು ಮಂಚದ ಮೇಲೆ ಕೂತವನು ಇನ್ನೊಬ್ಬರು ಕೋಣೆಯಲ್ಲಿರುವಾಗ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ. ಎರಡನೇ ಲೋಟ ಇಲ್ಲದ ಮನೆ ಅದು. ಹೊರಗೆ ಬಂದು ಯಜಮಾನರ ಮೇಲೆ ರೇಗಿದೆ, ಇಷ್ಟು ವರ್ಷದ ಸ್ನೇಹಿತ ಹೀಗಿದ್ದಾನೆ, ನಿಮಗೆ ಕಣ್ಣಿಲ್ಲವಾ ಎಂದು.

ಅವನಿಗೆ ಇದ್ದವಳು ಒಬ್ಬಳೇ, ಅಕ್ಕ. ತಾಯಿ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುವ ವಯಸ್ಸು. ಅಕ್ಕ ಮನೆಯಲ್ಲೇ ಹೊಲಿಗೆ ಯಂತ್ರ ತುಳಿದು ಅವನನ್ನು ಸಾಕಿದಳು. ಮದುವೆಯ ಮಾತು ಬಂದಾಗಲೆಲ್ಲ "ಮೊದಲು ಇವನು ತನ್ನ ಕಾಲ ಮೇಲೆ ನಿಲ್ಲಲಿ" ಅನ್ನುತ್ತಿದ್ದಳಂತೆ. ಅವನು ನಿಲ್ಲುವ ಹೊತ್ತಿಗೆ ಅವಳಿಗೆ ವಯಸ್ಸು ಮೀರಿತ್ತು. ಇವನಿಗೆ ಆಮೇಲೆ ತನ್ನ ಮದುವೆಯ ಮಾತೆತ್ತಲು ಮುಖ ಬರಲಿಲ್ಲ.

ಈಗ ಅಕ್ಕ ಇರುವುದು ದೂರದ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ. ಬಸ್ಸಿನಲ್ಲಿ ಹಗಲು ಪೂರ್ತಿ ಕೂತು ಹೋಗಬೇಕು. ಅವಳಿಗೆ ಮರೆವಿನ ಕಾಯಿಲೆ. ನೆನಪುಗಳು ಒಂದೊಂದಾಗಿ ಉದುರಿದವು, ಮೊದಲು ಉದುರಿದ್ದು ತಮ್ಮನ ಮುಖ. ರಜೆ ಹಾಕಿ ಹೋದವನಿಗೆ ತನ್ನ ಪಾಲಿನ ಬಿಸ್ಕತ್ತು ಕೊಟ್ಟು "ತಿನ್ನಿ, ದೂರದಿಂದ ಬಂದಿದ್ದೀರಿ" ಅಂದಳಂತೆ. ಫೋನಿನಲ್ಲೂ ಅಷ್ಟೆ. ಕೋಣೆಯಿಂದ ಮಾಡಿದರೆ "ಯಾರು ಬೇಕಾಗಿತ್ತು" ಅನ್ನುತ್ತಿದ್ದಳು.

ಒಂದು ಸಂಜೆ ಬಯಲಿನಲ್ಲಿ ಕೆಲಸ ಮುಗಿಸಿ ಚಪ್ಪಡಿ ದೊಡ್ಡ ಬಂಡೆಯ ಮೇಲೆ ಹತ್ತಿದ್ದ. ಬಯಲಿನ ದಾರಿಯುದ್ದಕ್ಕೂ ಎಲ್ಲೂ ಫೋನ್ ಹಿಡಿಯುವುದಿಲ್ಲ; ಆ ಬಂಡೆಯ ನೆತ್ತಿಯ ಮೇಲೆ ಮಾತ್ರ ಹಿಡಿಯುತ್ತದೆ. ಅಲ್ಲಿಂದ ಅಕ್ಕನಿಗೆ ಫೋನ್ ಮಾಡಿದ. ಬಯಲಿನ ಗಾಳಿ ನೀವು ಕೇಳಿಲ್ಲ. ತಡೆಯುವುದಕ್ಕೆ ಒಂದು ಮರ, ಒಂದು ಗೋಡೆ ಇಲ್ಲದೆ ಅದು ಒಂದೇ ಸಮನೆ ಉದ್ದಕ್ಕೆ ಬೀಸುತ್ತದೆ. ಅಕ್ಕ ಸ್ವಲ್ಪ ಹೊತ್ತು ಆ ಗಾಳಿಯನ್ನೇ ಕೇಳಿಸಿಕೊಂಡಳಂತೆ. ಆಮೇಲೆ ಹೇಳಿದಳಂತೆ, "ಪುಟ್ಟಾ, ಇನ್ನೂ ಬಯಲಲ್ಲೇ ಇದ್ದೀಯಾ? ಕತ್ತಲಾಗ್ತಾ ಬಂತು, ಇಳಿ."

ಮುಖ ಹೋಗಿತ್ತು, ಧ್ವನಿ ಹೋಗಿತ್ತು. ಕಾಯಿಲೆಗೆ ಮೊದಲು ಎಂದೋ ಅವನು ಅಲ್ಲಿಂದ ಮಾಡಿದ ಫೋನಿನಲ್ಲಿ ಕೇಳಿದ್ದ ಗಾಳಿ ಮಾತ್ರ ಅವಳ ತಲೆಯಲ್ಲಿ ಹೇಗೋ ಉಳಿದಿತ್ತು. ಅವತ್ತಿನಿಂದ ದಿನಾ ಸಂಜೆ ಅವನು ಬಂಡೆಗೆ ಹೋದ. ಅಕ್ಕ ಇರುವ ಮನೆಯ ಆಯಾ ಹೇಳುತ್ತಿದ್ದಳಂತೆ, ಹೊತ್ತು ಇಳಿದರೆ ಸಾಕು, ನಿಮ್ಮಕ್ಕ "ನನ್ನ ತಮ್ಮನ ಗಾಳಿ ಬಂತಾ" ಅಂತ ಕೇಳ್ತಾರೆ ಎಂದು.

ಸಹಾಯಕ್ಕೆ ಜನ ಬಂದಿದ್ದ ಒಂದು ದಿನ ಟೀ ಕ್ಯಾನ್ ಹೊತ್ತು ನಾನೂ ಮೇಲೆ ಹೋಗಿದ್ದೆ. ಎಲ್ಲರೂ ಇಳಿದ ಮೇಲೆ ನೋಡಿದರೆ ಚಪ್ಪಡಿ ಕಾಣಲಿಲ್ಲ. ಹಾರೆ ಗುದ್ದಲಿ ಇಡುವ ಶೆಡ್ಡಿನ ಹಿಂದೆ, ದೂರದಲ್ಲಿ, ಬಂಡೆಯ ಮೇಲೆ ನಮಗೆ ಬೆನ್ನು ಹಾಕಿ ಕೂತು ನಗುತ್ತಿದ್ದ. ಭುಜ ಕುಲುಕುವಷ್ಟು ನಗು. ಅಷ್ಟು ವರ್ಷದಲ್ಲಿ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಕ್ಯಾನ್ ಸದ್ದು ಮಾಡದ ಹಾಗೆ ಎತ್ತಿಕೊಂಡು ಇಳಿದು ಬಂದೆ.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ನಡೆಯುವ ಜನರ ಕಣ್ಣಿಗೆ ಆ ಬಂಡೆ ಬಿತ್ತು. ಯಾರೋ ಅದರ ಮೇಲೆ ಕೈ ಚಾಚಿ ನಿಂತು ಫೋಟೋ ತೆಗೆಸಿಕೊಂಡರು, ಅದನ್ನು ನೋಡಿ ಮತ್ತೆ ಯಾರೋ. ಶೆಡ್ಡಿನ ಹಿಂದಿನಿಂದ ಬಂಡೆಯ ತನಕ ಕಪ್ಪು ಗೆರೆಯೊಂದು ಎದ್ದಿತು, ಅಗಲವಾಯಿತು. ಚಪ್ಪಡಿ ಉರಿದುಬಿದ್ದ. ಅದರ ಬಾಯಿಗೆ ಕೊಂಬೆ ಹಾಕಿದ, ಜನ ದಾಟಿ ಹೋದರು. ಬೆಂಚಿನ ತುದಿಯಲ್ಲಿ ಕೂತು ನನ್ನ ಹತ್ತಿರ ಕೂಗಾಡಿದ.

"ಯಾರೋ ಒಬ್ಬ ಮೊದಲು ನಡೆದಿರ್ತಾನೆ ಅತ್ತಿಗೆ. ಉಳಿದವರದ್ದು ತಪ್ಪಿಲ್ಲ, ಅವರು ಕುರಿಗಳು. ಆ ಮೊದಲನೆಯವನು ಸಿಕ್ಕಿದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ."

"ನೀನೂ ದಿನಾ ಅಲ್ಲೇ ಹೋಗ್ತೀಯಲ್ಲಪ್ಪ," ಅಂದೆ, ಸುಮ್ಮನೆ ಕೆಣಕಲು.

"ನಾನು ಹೋಗೋದೇ ಬೇರೆ. ನೋಡಿ ನೋಡಿ ಕಾಲಿಡ್ತೀನಿ. ನಾನೊಬ್ಬ ನಡೆದ್ರೆ ಅಲ್ಲಿ ಏನೂ ಆಗಲ್ಲ."

ನನಗೆ ಆಗ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಬನ್ನಿಗೆ ಬೆಣ್ಣೆ ಸವರಿ ಮುಂದೆ ಇಟ್ಟೆ.

ಬಯಲಿನ ಉಸ್ತುವಾರಿಗೆ ಒಬ್ಬರು ಅಧಿಕಾರಿ ಇದ್ದಾರೆ, ನಾವು ಮೇಡಂ ಅನ್ನುತ್ತೇವೆ. ಚಿಕ್ಕ ವಯಸ್ಸು, ದರ್ಪ ಇಲ್ಲ, ಟೀ ಲೋಟ ತಾವೇ ಎತ್ತಿ ತೊಟ್ಟಿಗೆ ಹಾಕುವಷ್ಟು ಒಳ್ಳೆಯವರು. ಹಕ್ಕಿಗಳು ಮೊಟ್ಟೆಯಿಡುವ ಕಾಲಕ್ಕೆ ಸ್ವಲ್ಪ ಮುಂಚೆ ಒಂದು ಬೆಳಗ್ಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಚಪ್ಪಡಿಯ ಪಕ್ಕ ಕೂತರು. ಡ್ರೋನ್ ಹಾರಿಸಿ ಮೇಲಿನಿಂದ ತೆಗೆದ ಚಿತ್ರಗಳಿದ್ದವು. ನಾನೂ ಕೈ ಒರೆಸಿಕೊಂಡು ಹಿಂದೆ ನಿಂತೆ, ನನ್ನ ಅಂಗಡಿಯಲ್ಲಿ ನಾನು ಮೂಗು ತೂರಿಸದ ವಿಷಯವಿಲ್ಲ.

"ಇದು ಈ ವರ್ಷದ್ದು," ಅಂದರು ಮೇಡಂ. ಶೆಡ್ಡಿನಿಂದ ಬಂಡೆಯ ತನಕ ಕಪ್ಪು ಪಟ್ಟಿ ಹರಿದ ಬಟ್ಟೆಯ ಹಾಗೆ ಕಾಣುತ್ತಿತ್ತು. "ಇದು ಹಳೇದು. ಆಗ ಬಂಡೆ ಕಡೆ ಯಾರೂ ಹೋಗ್ತಿರ್ಲಿಲ್ಲ ಅಂತ ನೀವೇ ಹೇಳಿದ್ರಿ. ಆದರೆ ನೋಡಿ, ಆಗಲೇ ಒಂದು ಗೆರೆ ಇದೆ. ಸಣ್ಣದು, ಆದರೆ ನೀಟಾಗಿದೆ. ಒದ್ದೆ ಜಾಗದಲ್ಲೆಲ್ಲ ಒಂದೊಂದು ಕಲ್ಲೂ ಇದೆ. ಯಾರೋ ಕೆಲಸ ಗೊತ್ತಿರೋರು ಇಟ್ಟಿದ್ದು. ಜನ ಇದನ್ನ ನೋಡಿಯೇ ಹಿಡ್ಕೊಂಡಿದ್ದಾರೆ. ಇಷ್ಟು ಸುಖವಾದ ದಾರಿ ಬಿಡ್ತಾರಾ? ಯಾರು ಮಾಡಿರಬಹುದು, ನಿಮಗೇನಾದ್ರೂ ಅಂದಾಜಿದೆಯಾ?"

ಚಪ್ಪಡಿ ಪರದೆಗೆ ಮುಖ ಹತ್ತಿರ ತಂದು ನೋಡಿದ. ಗೆರೆ ಶೆಡ್ಡಿನ ಹಿಂಬಾಗಿಲಿನ ಹೊಸ್ತಿಲಿನಿಂದಲೇ ಶುರುವಾಗಿತ್ತು. ಆ ಬಾಗಿಲಿನ ಬೀಗದ ಕೈ ಇದ್ದದ್ದು ಒಬ್ಬನ ಹತ್ತಿರ ಮಾತ್ರ.

ನಾನಾಗಿದ್ದರೆ ಗೊತ್ತಿಲ್ಲ ಅಂದುಬಿಡುತ್ತಿದ್ದೆ. ಅವನು ಟೀ ಲೋಟ ಕೆಳಗಿಟ್ಟ.

"ನಾನೇ ಮೇಡಂ. ಕಲ್ಲೂ ನಂದೇ, ದಾರೀನೂ ನಂದೇ."

ಬೇಕೆಂದು ಮಾಡಿದ್ದಲ್ಲ. ಕತ್ತಲಾಗುವ ಹೊತ್ತಿಗೆ ನಡೆಯುವವನು ಗೊತ್ತಿದ್ದ ಕಡೆಯೇ ಕಾಲಿಡುತ್ತಾನೆ. ಒಂದು ಕಡೆ ಜಾರಿತು, ಅಲ್ಲೊಂದು ಕಲ್ಲಿಟ್ಟ. ಇನ್ನೊಂದು ಕಡೆ ನೀರು ನಿಂತಿತು, ಅಲ್ಲೊಂದು. ಅಡ್ಡ ಬಂದ ಕೊಂಬೆಯನ್ನು ಹೋಗುತ್ತಾ ಹೋಗುತ್ತಾ ಮುರಿದ. ಜೀವನವಿಡೀ ದಾರಿ ಮಾಡಿದ ಕೈ, ಅಕ್ಕನ ಯೋಚನೆಯಲ್ಲಿ ತಲೆ ಇದ್ದಾಗ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು. ಬೇರೆ ಯಾರು ನಡೆದಿದ್ದರೂ ಅದು ಕೆಟ್ಟ ಜಾಡಾಗಿ ಯಾರಿಗೂ ಬೇಡವಾಗುತ್ತಿತ್ತು. ಇವನು ನಡೆದದ್ದರಿಂದ ಅದು ಬಯಲಿನಲ್ಲೇ ಒಳ್ಳೆಯ ದಾರಿಯಾಯಿತು.

ಮೇಡಂ ಏನೂ ಬೈಯಲಿಲ್ಲ. ಅಲ್ಲಿಗೆ ಯಾಕೆ ಹೋಗ್ತಿದ್ರಿ ಎಂದು ಕೇಳಿದರು. ಅವನು ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡ. ನನಗೆ ತಡೆಯಲಾಗಲಿಲ್ಲ, ಅಕ್ಕನ ವಿಷಯ ಎಲ್ಲ ಹೇಳಿಬಿಟ್ಟೆ. ಚಪ್ಪಡಿ ನನ್ನ ಕಡೆ ನೋಡಿದ ನೋಟಕ್ಕೆ ಇನ್ನೊಬ್ಬಳಾಗಿದ್ದರೆ ಒಳಗೆ ಹೋಗುತ್ತಿದ್ದಳು. ನಾನು ಹೋಗಲಿಲ್ಲ.

ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು. "ಹಾಗಾದ್ರೆ ಒಂದು ಕೆಲಸ ಮಾಡೋಣ. ಅದನ್ನೇ ಚಪ್ಪಡಿ ಹಾಕಿ ಸರಿಯಾದ ದಾರಿ ಮಾಡಿಬಿಡೋಣವಾ?"

"ಬೇಡ ಮೇಡಂ. ಬಂಡೆ ಸುತ್ತಮುತ್ತಲೇ ಹಕ್ಕಿ ಮೊಟ್ಟೆಗೆ ಕೂರೋದು. ದಾರಿ ಮಾಡಿದ್ರೆ ಜನ ಅಲ್ಲಿಗೇ ಬಂದು ಗುಡ್ಡೆ ಬೀಳ್ತಾರೆ."

"ಜನರಿಗೆ ಮುಚ್ಚೋಣ. ನೀವೊಬ್ಬರೇ ಹುಷಾರಾಗಿ ಹೋಗಿ ಬನ್ನಿ. ನಾನು ಬೇಡ ಅನ್ನಲ್ಲ."

"ಎಲ್ಲರೂ ಒಬ್ಬೊಬ್ಬರೇ ಮೇಡಂ," ಅಂದ ಚಪ್ಪಡಿ. "ಜನರ ಬಾಯಲ್ಲಿ ನಾನು ದಿನಾ ಕೇಳೋದು ಅದೇ ಮಾತು. ನಾನೊಬ್ಬ ನಡೆದ್ರೆ ಏನಾಗತ್ತೆ ಅಂತ."

ಮೇಡಂ ಲ್ಯಾಪ್‌ಟಾಪ್ ಎತ್ತಿಕೊಂಡು ಎದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅವರು ಹೋದ ಮೇಲೆ ಲೋಟಗಳನ್ನು ಸದ್ದು ಮಾಡುತ್ತಾ ತೊಳೆದೆ. "ಮೇಡಮ್ಮೇ ಹೋಗು ಅಂದ್ರು. ನಿನಗ್ಯಾಕೆ ಇಲ್ಲದ ದೊಡ್ಡಸ್ತಿಕೆ? ಹಕ್ಕಿ ಬಂದು ನಿನಗೆ ಅನ್ನ ಹಾಕತ್ತಾ? ಅಕ್ಕನಿಗೆ ಏನು ಹೇಳ್ತೀಯಾ?" ಎಂದೆ.

"ಹೇಳಿದ್ರೂ ಅವಳಿಗೆ ನೆನಪಿರಲ್ಲ ಅತ್ತಿಗೆ," ಎಂದು ಎದ್ದು ಹೋದ.

ಆ ವಾರವೇ ದಾರಿ ಮುಚ್ಚುವ ಕೆಲಸ ಶುರು ಮಾಡಿದ. ಅವತ್ತು ಅಂಗಡಿಗೆ ಬಾಗಿಲು ಹಾಕಿ ನಾನೂ ಮೇಲೆ ಹೋದೆ. ಅವನಿಗೆ ಸಹಾಯ ಮಾಡಲು ಎಂದು ಯಜಮಾನರಿಗೆ ಹೇಳಿದ್ದೆ. ನಿಜ ಹೇಳಬೇಕೆಂದರೆ ಅವನ ಮನಸ್ಸು ತಿರುಗಿಸಲು. ಹಿಂದಿನ ಸಂಜೆ ಬಂಡೆಯ ಮೇಲೆ ಕೂತು ಅಕ್ಕನ ಹತ್ತಿರ ಮಾತಾಡಿ ಬಂದಿದ್ದ. ಏನು ಮಾತಾಡಿದೆ ಎಂದು ಕೇಳಿದೆ. "ಹೊಸ ಅಂಗಿ ಹೊಲಿದು ಕೊಡ್ತೀನಿ ಅಳತೆ ಹೇಳು ಅಂದಳು, ಹೇಳಿದೆ," ಅಂದ.

ದಾರಿ ಮಾಡುವಾಗ ಮುಂದಕ್ಕೆ ಹೋಗುತ್ತಾರೆ, ಮುಚ್ಚುವಾಗ ಹಿಂದಕ್ಕೆ ಬರುತ್ತಾರೆ. ಮುಚ್ಚಿದ ಕಡೆ ಮತ್ತೆ ಕಾಲು ಬೀಳಬಾರದಲ್ಲ. ಅದಕ್ಕೇ ಅವನು ಬಂಡೆಯ ಬುಡದಿಂದ ಶುರು ಮಾಡಿದ. ತಾನಿಟ್ಟ ಕಲ್ಲುಗಳನ್ನು ಹಾರೆಯಿಂದ ಒಂದೊಂದಾಗಿ ಎಬ್ಬಿಸಿದ. ತುಳಿದು ಗಟ್ಟಿಯಾಗಿದ್ದ ಮಣ್ಣನ್ನು ಬೆರಳಿನಿಂದ ಸಡಿಲ ಮಾಡಿದ. ದೂರದ ಬೇರೆ ಬೇರೆ ಕಡೆಯಿಂದ ಹಿಡಿಹಿಡಿಯಾಗಿ ತಂದ ಪಾಚಿಯನ್ನು ಅದರಲ್ಲಿ ಒತ್ತಿದ, ಮೇಲೆ ನಾರಿನ ಚಾಪೆ ಹಾಸಿದ, ಅದರ ಮೇಲೆ ಕೊಂಬೆ ಹರಡಿದ. ಒಂದಿಷ್ಟು ಹಿಂದಕ್ಕೆ ಸರಿದು ಮತ್ತೆ ಅದೇ. ನಾನು ಪಾಚಿಯ ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ಬಗ್ಗಿಕೊಂಡು ಅವನ ತಲೆ ತಿನ್ನುತ್ತಲೇ ಇದ್ದೆ. ಇನ್ನೊಂದು ವಾರ ಬಿಟ್ಟು ಮಾಡು ಅಂದೆ. ವಾರಕ್ಕೊಮ್ಮೆ ಆದರೂ ಹೋಗು ಅಂದೆ. ಅವನು ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಮ್ಮ ಮತ್ತು ಬಂಡೆಯ ನಡುವೆ ಹಸಿರು ಕೂಡಿಕೊಂಡು, ಬಂಡೆ ದೂರದಲ್ಲಿ ಒಂದೇ ನಿಂತಿತ್ತು. ನಾನು ಮಾತು ನಿಲ್ಲಿಸಿದೆ.

ಮುಚ್ಚುವುದು ಮುಗಿಯಲು ಕೆಲವು ದಿನ ಹಿಡಿಯಿತು. ಕೊನೆಗೆ ಶೆಡ್ಡಿನ ಹಿಂಬಾಗಿಲಿಗೆ ಒಳಗಿನಿಂದ ಅಡ್ಡ ಹಲಗೆ ಹೊಡೆದನಂತೆ. ಮೇಡಂ ಬಂದು ನೋಡಿ, ಇಲ್ಲಿ ದಾರಿ ಇತ್ತು ಅಂತ ಹೇಳಿದ್ರೂ ಯಾರೂ ನಂಬಲ್ಲ ಅಂದರು. ನನಗೆ ಅದನ್ನು ಕೇಳಿ ಖುಷಿಯಾಗಲಿಲ್ಲ.

ಆಮೇಲೆ ಚಪ್ಪಡಿ ಸಂಜೆ ಹೊತ್ತು ನಮ್ಮ ಅಂಗಡಿಯ ಹಿತ್ತಲಿನಿಂದ ಫೋನ್ ಮಾಡತೊಡಗಿದ. ಕೋಣೆಗೆ ಹೋಗಿ ಒಬ್ಬನೇ ಮಾಡುವುದು ಬೇಡ ಎಂದು ನಾನೇ ಹಟ ಮಾಡಿದ್ದೆ. ಅವನ ಫೋನ್ ಒಮ್ಮೆ ಜೌಗಿನ ನೀರಿಗೆ ಬಿದ್ದು ಕಿವಿಗಿಟ್ಟರೆ ಕೇಳುತ್ತಿರಲಿಲ್ಲ, ಸ್ಪೀಕರ್ ಹಾಕಿಯೇ ಮಾತಾಡಬೇಕು. ಹಾಗಾಗಿ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನಿಂತರೆ ನನಗೆ ಎಲ್ಲ ಕೇಳುತ್ತಿತ್ತು.

"ಅಕ್ಕಾ, ನಾನು," ಅನ್ನುತ್ತಿದ್ದ.

"ನಾನು ಅಂದ್ರೆ ಯಾರು?"

"ನಾನು ಕಣೇ, ಪುಟ್ಟ."

"ಪುಟ್ಟ ಬಯಲಲ್ಲಿದ್ದಾನೆ. ನೀವು ಯಾರಪ್ಪ, ಸುಮ್ಮಸುಮ್ಮನೆ ತಮಾಷೆ ಮಾಡ್ತೀರಿ?" ಫೋನ್ ಇಟ್ಟುಬಿಡುತ್ತಿದ್ದಳು.

ನಾವು ಮಾಡದ ಸರ್ಕಸ್ಸಿಲ್ಲ. ಯಜಮಾನರು ಅವನನ್ನು ಅಂಗಡಿಯ ಮಾಡಿನ ಮೇಲೆ ಹತ್ತಿಸಿದರು. ಅಲ್ಲಿ ಗಾಳಿಗಿಂತ ರಸ್ತೆಯ ಲಾರಿಗಳ ಸದ್ದು ಜಾಸ್ತಿ. ನಾನು ಒಳಗಿನ ಟೇಬಲ್ ಫ್ಯಾನನ್ನು ಹಿತ್ತಲಿಗೆ ತಂದು ಫೋನಿನ ಮುಂದೆ ಹಿಡಿದೆ. ಅಕ್ಕ ಕೇಳಿಸಿಕೊಂಡು, "ಯಾವ ಮಿಲ್ಲಿನಿಂದ ಮಾತಾಡ್ತಿದ್ದೀರಿ? ಏನೂ ಕೇಳಿಸ್ತಿಲ್ಲ, ಮಷೀನ್ ನಿಲ್ಲಿಸಿ," ಅಂದಳು. ಯಜಮಾನರಿಗೆ ನಗು ತಡೆಯಲಾಗಲಿಲ್ಲ, ನನಗೂ. ಚಪ್ಪಡಿಯೂ ಸ್ವಲ್ಪ ನಕ್ಕ. ಆಮೇಲೆ ಫ್ಯಾನಿನ ವೈರ್ ಸುತ್ತುತ್ತಾ ಬಹಳ ಹೊತ್ತು ಕೂತ. ನಾನು ಅವನ ಮುಖ ನೋಡಲಾರದೆ ಒಳಗೆ ಹೋದೆ.

ಆಯಾ ಒಂದು ದಿನ ಹೇಳಿದಳು, "ಅಣ್ಣಾ, ಸಂಜೆ ಆದ್ರೆ ಕಿಟಕಿ ಹತ್ತಿರ ಕೂತು ಕಾಯ್ತಾರೆ. ಗಾಳಿ ಬರಲಿಲ್ಲ, ಗಾಳಿ ಬರಲಿಲ್ಲ ಅಂತಾರೆ. ಊಟ ಬಿಡ್ತಿದ್ದಾರೆ." ಅವತ್ತು ಅವನು ಏನೂ ತಿನ್ನದೆ ಹೋದ. ಈಗಲಾದರೂ ಹಲಗೆ ಕಿತ್ತು ಬಂಡೆಗೆ ಹೋಗುತ್ತಾನೆ ಎಂದುಕೊಂಡೆ. ಹೋಗಲಿ ಎಂದು ಆಸೆಯೂ ಪಟ್ಟೆ. ಬಯಲಿನ ಹಕ್ಕಿಗಳೆಲ್ಲ ಬೇಕಾದರೆ ಹಾರಿಹೋಗಲಿ ಎಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಸಂಜೆ ಅವನು ಎಂದಿನ ಹೊತ್ತಿಗೆ ಹಿತ್ತಲಿಗೆ ಬಂದ. ಕೈಕಾಲು ತೊಳೆದುಕೊಂಡು, ಕಲ್ಲಿನ ಮೇಲೆ ಕೂತು ಫೋನ್ ಮಾಡಿದ. ಆಯಾ ಅಕ್ಕನ ಕೈಗೆ ಕೊಟ್ಟಳು.

"ಯಾರು?"

ಅವನು "ಅಕ್ಕಾ" ಅನ್ನಲು ಬಾಯಿ ತೆರೆದವನು ಹಾಗೇ ನಿಲ್ಲಿಸಿದ.

"ನಮಸ್ಕಾರ ಅಮ್ಮ," ಅಂದ. "ನಾನು ಬೆಟ್ಟದ ಕೆಳಗಿನ ಊರಿಂದ ಮಾತಾಡ್ತಿದ್ದೀನಿ."

ಪಾತ್ರೆ ಉಜ್ಜುತ್ತಿದ್ದ ನನ್ನ ಕೈ ನಿಂತಿತು.

"ಬೆಟ್ಟದ ಕೆಳಗಿಂದಾನಾ?" ಅಕ್ಕನ ಧ್ವನಿಗೆ ಜೀವ ಬಂತು. "ಹಾಗಾದ್ರೆ ನಿಮಗೆ ನನ್ನ ತಮ್ಮ ಗೊತ್ತಿರಬೇಕಲ್ಲ. ಮೇಲೆ ದಾರಿ ಮಾಡ್ತಾನೆ."

"ಗೊತ್ತು ಅಮ್ಮ. ಚೆನ್ನಾಗಿ ಗೊತ್ತು."

"ದಿನಾ ಸಂಜೆ ಮಾತಾಡ್ತಿದ್ದ. ಈಗ ಮಾತಾಡಲ್ಲ. ನನ್ನ ಮೇಲೆ ಏನಾದ್ರೂ ಸಿಟ್ಟಾ ಅವನಿಗೆ?"

"ಸಿಟ್ಟಿಲ್ಲ ಅಮ್ಮ. ಅವನು ಮಾತಾಡ್ತಿದ್ದ ಜಾಗಕ್ಕೆ ಹೋಗೋ ದಾರಿ ಮುಚ್ಚಿದ್ದಾರೆ."

"ಯಾಕೆ?"

"ಜನ ನಡೆದು ನಡೆದು ನೆಲ ಹಾಳಾಗ್ತಿತ್ತು. ಅಲ್ಲಿ ಹಕ್ಕಿ ಮರಿ ಮಾಡತ್ತೆ."

"ಓ, ಹಾಗಾ," ಅಂದಳು ಅಕ್ಕ. "ಹಾಗಾದ್ರೆ ಅವನು ಹೋಗಲ್ಲ ಬಿಡಿ. ಚಿಕ್ಕವನಿದ್ದಾಗಿಂದ ಹಾಗೇ. ಬೇಡ ಅಂದ ಕಡೆ ಕಾಲಿಟ್ಟವನಲ್ಲ." ಆಮೇಲೆ ಕೇಳಿದಳು, "ಊಟ ಮಾಡ್ತಾನಾ ಸರಿಯಾಗಿ?"

"ಮಾಡ್ತಾನೆ ಅಮ್ಮ. ನೀವು ಊಟ ಬಿಟ್ಟಿದ್ದೀರಂತೆ, ಅದಕ್ಕೆ ಬೇಜಾರು ಮಾಡ್ಕೊಂಡಿದ್ದಾನೆ."

"ಅವನೇ ಹೇಳಿದ್ನಾ?"

"ಅವನೇ."

"ತಿಂತೀನಿ ಅಂತ ಹೇಳಿ. ಇವತ್ತೇ ತಿಂತೀನಿ." ಮತ್ತೆ ಧ್ವನಿ ತಗ್ಗಿಸಿ, ಪಕ್ಕದಲ್ಲಿ ಯಾರಿಗೂ ಕೇಳಬಾರದೆನ್ನುವ ಹಾಗೆ ಹೇಳಿದಳು, "ನೋಡಿ, ಅವನಿಗೆ ನನ್ನ ಬಿಟ್ಟರೆ ಬೇರೆ ಯಾರೂ ಇಲ್ಲ. ತಾನಾಗಿ ಯಾರ ಹತ್ತಿರಾನೂ ಹೋಗಲ್ಲ. ನೀವು ಒಳ್ಳೆಯವರ ಹಾಗೆ ಕಾಣ್ತೀರಿ. ಆಗಾಗ ಅವನನ್ನ ಮಾತಾಡಿಸ್ತಾ ಇರಿ."

ಚಪ್ಪಡಿ ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ.

"ಆಗಲಿ ಅಮ್ಮ," ಅಂದ. "ದಿನಾ ಮಾತಾಡಿಸ್ತೀನಿ."